ಹೊಗೆಗೂ ಮೊದಲಿನ ಮಾತು

ಹಂದಿಯ ಪಕ್ಕೆಲುಬನ್ನು ಮನೆಯಲ್ಲೇ ಹೊಗೆಯಾಡಿಸಿ ಬೇಯಿಸುವುದು ಹೇಗೆಂದು ಇವತ್ತು ಯಾರು ಬೇಕಾದರೂ ಫೋನಿನಲ್ಲಿ ನೋಡಿ ಕಲಿಯಬಹುದು. ಅದು ಅಮೆರಿಕದಲ್ಲಿ ರೂಪುಗೊಂಡ ವಿಧಾನ. ಶಾಖ 107 ಡಿಗ್ರಿ ಸೆಲ್ಸಿಯಸ್, ಕಾಲ ಆರು ತಾಸು. ಮೊದಲ ಮೂರು ತಾಸು ಬರಿಯ ಹೊಗೆ, ಮುಂದಿನ ಎರಡು ತಾಸು ಅಲ್ಯುಮಿನಿಯಂ ಹಾಳೆಯೊಳಗೆ, ಕೊನೆಯ ಒಂದು ತಾಸು ಸಿಹಿ ಸಾಸ್ ಬಳಿದು ಮತ್ತೆ ಬಯಲು ಶಾಖಕ್ಕೆ. ಮೂರು, ಎರಡು, ಒಂದು ಎಂಬ ಈ ಲೆಕ್ಕ ಎಷ್ಟು ಜನಪ್ರಿಯವಾಗಿದೆಯೆಂದರೆ, ಗಡಿಯಾರವೊಂದಿದ್ದರೆ ಅಡುಗೆ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ ಹುಟ್ಟಿಬಿಟ್ಟಿದೆ. ಮಲಪ್ರಭೆಯ ದಂಡೆಯ ಮನೋಳಿ, ಅತ್ತ ಸವದತ್ತಿ, ರಾಮದುರ್ಗ, ಇತ್ತ ಬೈಲಹೊಂಗಲ, ಕಿತ್ತೂರು, ಈ ಸೀಮೆಯ ಹಿತ್ತಿಲಲ್ಲಿ ನಿಂತು ಈ ಲೆಕ್ಕವನ್ನು ಪರೀಕ್ಷಿಸಿದರೆ ಅದರ ಕೊರತೆ ಎದ್ದು ಕಾಣುತ್ತದೆ. ಹಂದಿ ಯಾವುದು, ಅದನ್ನು ಯಾರು ಸಾಕಿದರು, ಏನು ತಿನ್ನಿಸಿ ಬೆಳೆಸಿದರು, ಕಟ್ಟಿಗೆ ಯಾವ ಮರದ್ದು, ಎಷ್ಟು ಒಣಗಿದೆ, ಗಾಳಿ ಎಲ್ಲಿಂದ ಒಳಬಂದು ಎಲ್ಲಿಂದ ಹೊರಹೋಗುತ್ತದೆ ಎಂಬ ಪ್ರಶ್ನೆಗಳನ್ನು ಆ ವಿಧಾನ ಕೇಳುವುದೇ ಇಲ್ಲ. ಹೊಗೆಯಾಡಿಸಿದ ಪಕ್ಕೆಲುಬು ಒಳ್ಳೆಯ ಅಡುಗೆ, ನಮ್ಮ ನೆಲದಲ್ಲಿ ಮಾಡಲು ಯೋಗ್ಯವಾದ ಅಡುಗೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಮುಕ್ಕಾಲು ಪಾಲು ತೀರ್ಮಾನವಾಗುವುದು ಹೊಗೆ ಏಳುವ ಮೊದಲೇ, ಹಂದಿ ಮತ್ತು ಕಟ್ಟಿಗೆಯ ಹತ್ತಿರ. ಬೆಲೆ ಕಟ್ಟುವುದಾದರೆ ಅಲ್ಲಿಂದಲೇ ಕಟ್ಟಬೇಕು.

ಇದು ನಮ್ಮದಲ್ಲದ ಅಡುಗೆ, ಪರದೇಶದ ಅನುಕರಣೆ ಎಂಬ ಆಕ್ಷೇಪ ಮೊದಲು ಬರುತ್ತದೆ. ವಿಧಾನದ ಮಟ್ಟಿಗೆ ಅದು ನಿಜ, ಹಂದಿಮಾಂಸದ ಮಟ್ಟಿಗೆ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚನೆಯಾದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅಡುಗೆಯ ಭಾಗದಲ್ಲಿ ಹಂದಿಗೆ ದೊಡ್ಡ ಜಾಗವಿದೆ. ಹಂದಿಯ ಮೈಮೇಲೆ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ತೆಗೆಯುವುದು, ಅಥವಾ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಟ್ಟು ತೆಗೆಯುವುದು, ಕೆಂಡದ ಮೇಲೆ ಸುಡುವುದು, ತಾಳೆಯ ಗರಿಯಷ್ಟು ತೆಳ್ಳಗೆ ಮಾಂಸ ಹೆಚ್ಚುವುದು, ಇವೆಲ್ಲ ಅಲ್ಲಿ ಅರಮನೆಯ ಅಡುಗೆಯಾಗಿ ಬಂದಿವೆ. ಬೀದಿಯ ಅಡುಗೆಯನ್ನು ಕದ್ದು ಬರೆದ ಪುಸ್ತಕವಲ್ಲ ಅದು, ರಾಜಭೋಗಗಳ ವಿಶ್ವಕೋಶ. ಆಗ ಸವದತ್ತಿಯನ್ನು ಆಳುತ್ತಿದ್ದ ರಟ್ಟರು ಇದೇ ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ರಟ್ಟರು ಜೈನ ಬಸದಿಗಳಿಗೆ ದತ್ತಿ ಕೊಟ್ಟವರು, ಆಮೇಲೆ ಈ ಸೀಮೆ ಶರಣರ ಪ್ರಭಾವಕ್ಕೆ ಆಳವಾಗಿ ಒಳಗಾಯಿತು. ಇಲ್ಲಿನ ಬಹುಪಾಲು ಮನೆಗಳ ಒಲೆ ಮಾಂಸವನ್ನೇ ಕಂಡಿಲ್ಲ ಎಂಬುದೂ ಅಷ್ಟೇ ದೊಡ್ಡ ಸತ್ಯ, ಅದನ್ನು ಗೌರವದಿಂದ ಒಪ್ಪಬೇಕು. ಮಾಂಸ ತಿನ್ನುವ ಮನೆಗಳಲ್ಲೂ ಹಂದಿ ಬೇಡ ಎನ್ನುವವರೇ ಹೆಚ್ಚು. ನಾನು ಹೇಳುವುದು ಇಷ್ಟೇ: ತಿನ್ನದವರ ಪರಂಪರೆ ಎಷ್ಟು ಈ ನೆಲದ್ದೋ ತಿನ್ನುವವರ ಪರಂಪರೆಯೂ ಅಷ್ಟೇ ಈ ನೆಲದ್ದು. ಪಕ್ಕೆಲುಬು ಬೇಯಿಸುವವರು ಯಾರ ಅಪ್ಪಣೆಯನ್ನೂ ಅಮೆರಿಕದಿಂದ ತರಿಸಬೇಕಾಗಿಲ್ಲ.

ಹೊಗೆಯ ವಿಷಯಕ್ಕೆ ಬಂದರೆ ಕರ್ನಾಟಕದ ನಿಜವಾದ ಶಾಲೆ ಕೊಡಗು. ಹಂದಿ ಕರಿ, ಕಡಂಬುಟ್ಟು, ಕಾಚಂಪುಳಿ ಎಂದರೆ ಎಲ್ಲರಿಗೂ ಗೊತ್ತು. ಒಲೆಯ ಮೇಲ್ಗಡೆ ಮಾಂಸದ ಪಟ್ಟಿಗಳನ್ನು ತೂಗುಹಾಕಿ ದಿನಗಟ್ಟಲೆ ಹೊಗೆಯಲ್ಲಿ ಒಣಗಿಸಿ, ಬೇಕಾದಾಗ ತೆಗೆದು ಹುರಿಯುವ ಅಲ್ಲಿನ ರೂಢಿ ಅಷ್ಟಾಗಿ ಹೊರಗಿನವರ ಕಣ್ಣಿಗೆ ಬಿದ್ದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಜಾಗದಲ್ಲಿ ಆಷಾಢದ ಹೊತ್ತಿಗೆ ಬಿಸಿಲು ಎಂಬುದೇ ಇರುವುದಿಲ್ಲ. ಅಲ್ಲಿ ಮಾಂಸ ಕೆಡದೆ ಉಳಿಯಬೇಕೆಂದರೆ ಒಲೆಯ ಶಾಖ ಮತ್ತು ಹೊಗೆಯ ಹೊರತು ಬೇರೆ ದಾರಿಯಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮುಂಚೆ ಬೇಟೆಯ ಕಾಡುಹಂದಿಯೂ ಹೀಗೇ ಒಲೆಯ ಮೇಲೇರುತ್ತಿತ್ತು. ಮಲಪ್ರಭೆಯ ಬಯಲಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಮಳೆ ಕಡಿಮೆ, ಗಾಳಿ ಒಣ, ಬಿಸಿಲಿಗೆ ಬರವಿಲ್ಲ. ಹಾಗಾಗಿ ಇಲ್ಲಿ ಖಂಡವನ್ನು ಉಪ್ಪು ಹಚ್ಚಿ ಹಗ್ಗಕ್ಕೆ ಹಾಕಿ ಬಿಸಿಲಿಗೇ ಒಣಗಿಸಿದರು. ಹೊಗೆಯ ಅಗತ್ಯವೇ ಬೀಳಲಿಲ್ಲ. ಈ ಸೀಮೆಯಲ್ಲಿ ಹೊಗೆಮಾಂಸ ಬೆಳೆಯದಿದ್ದುದಕ್ಕೆ ಅರಿವಿನ ಕೊರತೆ ಕಾರಣವಲ್ಲ, ಹವೆಯೇ ಕಾರಣ. ಇದನ್ನು ಯಾಕೆ ಹೇಳಬೇಕೆಂದರೆ, ಕೊಡಗಿನ ಹೊಗೆ ಮಾಂಸವನ್ನು ಉಳಿಸಲು ಇದ್ದದ್ದು, ಹಿತ್ತಿಲಿನ ಪಕ್ಕೆಲುಬಿನ ಹೊಗೆ ರುಚಿಗಾಗಿ ಇರುವುದು. ಎರಡನ್ನೂ ಒಂದೇ ಎಂದುಕೊಂಡವರು, ಚೈತ್ರ ವೈಶಾಖದಲ್ಲಿ ನೆರಳೇ 38 ಡಿಗ್ರಿ ಮುಟ್ಟುವ ಊರಿನಲ್ಲಿ, ಹಸಿ ಮಾಂಸವನ್ನು ತಣ್ಣನೆಯ ಹೊಗೆಯಲ್ಲಿ ತೂಗುಹಾಕಿ ಇಡುವ ಪ್ರಯೋಗಕ್ಕೆ ಇಳಿಯಬಹುದು. ಅದು ಅಪಾಯದ ಕೆಲಸ. 5ರಿಂದ 60 ಡಿಗ್ರಿಯ ನಡುವೆ ಮಾಂಸ ತಾಸುಗಟ್ಟಲೆ ಉಳಿದರೆ ರೋಗಾಣುಗಳಿಗೆ ಅದಕ್ಕಿಂತ ಹಿತವಾದ ಜಾಗವಿಲ್ಲ. ನಮ್ಮ ಬಯಲಿಗೆ ಹೊಂದುವುದು ಬೇಯಿಸುತ್ತಲೇ ಹೊಗೆ ಹಿಡಿಸುವ ಬಿಸಿಹೊಗೆಯ ಪದ್ಧತಿಯೊಂದೇ.

ಈಗ ಹಂದಿಯ ಮಾತು. ಅಮೆರಿಕದ ಆರು ತಾಸಿನ ಲೆಕ್ಕ ಹುಟ್ಟಿದ್ದು ಅಲ್ಲಿನ ಹಂದಿಗೆ. ನೂರು ಕಿಲೋ ದಾಟಿ ಬೆಳೆದ, ಮೆಕ್ಕೆಜೋಳ ಸೋಯಾ ತಿಂದು ಕೊಬ್ಬಿದ ಪ್ರಾಣಿ ಅದು. ಅದರ ಹೊಟ್ಟೆಯ ಕಡೆಯ ಪಕ್ಕೆಲುಬಿನ ಒಂದು ಹಲಗೆ ಒಂದೂವರೆ ಕಿಲೋದ ಹತ್ತಿರ ತೂಗುತ್ತದೆ. ಎಲುಬುಗಳ ನಡುವೆ, ಮೇಲೆ, ಮಾಂಸವೂ ಕೊಬ್ಬೂ ದಪ್ಪವಾಗಿ ಕೂತಿರುತ್ತವೆ. ನಮ್ಮ ನಾಟಿ ಹಂದಿ ಇದರ ಅರ್ಧಕ್ಕೆ ಬಂದರೆ ಹೆಚ್ಚು. ಎಲುಬು ಸಣ್ಣದು, ಮೇಲಿನ ಮಾಂಸ ತೆಳು, ನಾರು ಬಿಗಿ, ರುಚಿ ಗಾಢ. ಈ ಹಲಗೆಯನ್ನು ಆರು ತಾಸು ಶಾಖಕ್ಕೆ ಒಡ್ಡಿದರೆ ಅಂಚುಗಳು ಒಣ ತೊಗಲಾಗುತ್ತವೆ, ನಡುವೆ ಹಾಳೆಯೊಳಗೆ ಕಳೆದ ಎರಡು ತಾಸಿನಲ್ಲಿ ಉಳಿದದ್ದು ಮುದ್ದೆಯಾಗುತ್ತದೆ. ಸಾಕಣೆ ಕೇಂದ್ರಗಳ ಯಾರ್ಕ್‌ಶೈರ್ ತಳಿಯ ಬಿಳಿ ಹಂದಿ ಆ ಲೆಕ್ಕಕ್ಕೆ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಅಲ್ಲೂ ಗಡಿಯಾರಕ್ಕಿಂತ ಮಾಂಸದ ದಪ್ಪವೇ ಪ್ರಮಾಣ. ಎಲುಬಿನ ಸುತ್ತಲಿನ ಬಿಗಿ ನಾರು ಕರಗಿ ಅಂಟಂಟಾಗುವುದು ಮಾಂಸದೊಳಗಿನ ಶಾಖ 90 ಡಿಗ್ರಿ ದಾಟಿದ ಮೇಲೆ. ತೆಳು ಹಲಗೆ ಆ ಮಟ್ಟವನ್ನು ಬೇಗ ಮುಟ್ಟುತ್ತದೆ, ದಪ್ಪ ಹಲಗೆ ತಡವಾಗಿ ಮುಟ್ಟುತ್ತದೆ. ಹಲಗೆಯ ಒಂದು ತುದಿಯನ್ನು ಚಿಮಟದಲ್ಲಿ ಹಿಡಿದೆತ್ತಿದಾಗ ಅದು ಬಿಲ್ಲಿನಂತೆ ಬಾಗಿ, ಬಾಗಿದ ಕಡೆ ಮೇಲ್ಮೈ ಸಣ್ಣಗೆ ಬಿರಿಯಬೇಕು. ಗಡಿಯಾರ ಹೇಳದ ಸಂಗತಿಯನ್ನು ಆ ಬಿರುಕು ಹೇಳುತ್ತದೆ.

ಇಷ್ಟಕ್ಕೂ ಮುಂಚೆ ಹಲಗೆ ಇಡಿಯಾಗಿ ಸಿಗಬೇಕಲ್ಲ. ನಮ್ಮ ಕಡೆ ಹಂದಿಮಾಂಸ ಕಡಿಯುವವರು ಪಕ್ಕೆಲುಬನ್ನು ಬೇರೆಯಾಗಿ ಬಿಡಿಸುವುದಿಲ್ಲ. ತೊಗಲು, ಕೊಬ್ಬು, ಎಲುಬು ಎಲ್ಲ ಸೇರಿಸಿ ಸಾರಿಗೆ ಹೊಂದುವ ತುಂಡುಗಳಾಗಿ ಕಡಿದು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕೊಳ್ಳುವವರು ಸಾರು ಮಾಡುವವರಾದಾಗ ಹಾಗೆ ಕಡಿಯುವುದೇ ಸರಿ. ಹೊಗೆಯಾಡಿಸುವವರು ಮಾತ್ರ ಹಿಂದಿನ ದಿನವೇ ಹೇಳಿ, ಒಂದು ಕಡೆಯ ಪಕ್ಕೆಲುಬನ್ನು ಕಡಿಯದೆ ಬಿಡಿಸಿ ಕೊಡುವಂತೆ ಕೇಳಬೇಕು. ಒಳಮಗ್ಗುಲಲ್ಲಿ ಎಲುಬಿಗೆ ಅಂಟಿಕೊಂಡಿರುವ ತೆಳು ಪೊರೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಒರಟು ಬಟ್ಟೆಯಿಂದ ಹಿಡಿದು ಎಳೆದರೆ ಒಂದೇ ಸಲಕ್ಕೆ ಕಿತ್ತುಬರುತ್ತದೆ. ಅದನ್ನು ಬಿಟ್ಟರೆ ಉಪ್ಪು ಒಳಗೆ ಇಳಿಯುವುದಿಲ್ಲ, ಬೆಂದ ಮೇಲೂ ಅದು ಹಲ್ಲಿಗೆ ತೊಗಲಿನಂತೆ ಸಿಗುತ್ತದೆ.

ಈ ಕೋರಿಕೆಯನ್ನು ಯಾರ ಮುಂದೆ ಇಡುತ್ತೇವೆ ಎಂಬುದು ಈ ಅಡುಗೆಯ ನೈತಿಕ ಭಾಗ. ಉತ್ತರ ಕರ್ನಾಟಕದ ಊರುಗಳಲ್ಲಿ ಹಂದಿ ಸಾಕುವ ಕಸುಬನ್ನು ತಲೆತಲಾಂತರದಿಂದ ಹೊತ್ತು ಬಂದವರಲ್ಲಿ ಮುಖ್ಯರು ಕೊರವ ಅಥವಾ ಕೊರಮ ಸಮುದಾಯದವರು. ಕೊರಮ, ಕೊರಚ, ಹಂದಿಜೋಗಿ ಈ ಮೂರೂ ಹೆಸರುಗಳು ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿವೆ. ಊರಿನ ಕೊಳಕನ್ನು ತಿಂದು ಬದುಕುವ ಹಂದಿಯ ಮೇಲಿನ ಹೇಸಿಗೆ ಆ ಹಂದಿಯನ್ನು ಸಾಕುವವರ ಮೇಲೂ ಬಿತ್ತು. ಹಂದಿ ಕೊಳಕಾದದ್ದು ಊರು ತನ್ನ ಚರಂಡಿಯನ್ನು ಕಟ್ಟಿಕೊಳ್ಳದ ಕಾರಣಕ್ಕೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಈಗ ಅದೇ ಮಾಂಸ ನಗರದ ಹೋಟೆಲಿನ ತಟ್ಟೆಯಲ್ಲಿ ಇಂಗ್ಲಿಷ್ ಹೆಸರು ಹೊತ್ತು ದುಬಾರಿ ತಿನಿಸಾದಾಗ, ಅದರ ಬಗ್ಗೆ ತಲೆಮಾರುಗಳಿಂದ ಬಲ್ಲವರನ್ನು ಕೇಳುವವರಿಲ್ಲ. ಅಮೆರಿಕದಲ್ಲೂ ನಡೆದದ್ದು ಇದೇ. ದಕ್ಷಿಣದ ರಾಜ್ಯಗಳಲ್ಲಿ ಇಡೀ ರಾತ್ರಿ ಬೆಂಕಿ ಕಾದು ಹಂದಿ ಬೇಯಿಸುವ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡಿದ್ದವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಾನ್ಸಾಸ್ ಸಿಟಿಯ ಹೊಗೆಮಾಂಸದ ವ್ಯಾಪಾರಕ್ಕೆ ಬುನಾದಿ ಹಾಕಿದ ಹೆನ್ರಿ ಪೆರಿ ಕೂಡ ಕಪ್ಪು ಅಮೆರಿಕನ್ನನೇ. ಪಕ್ಕೆಲುಬು ಅಲ್ಲಿ ಬಡವರಿಗೆ ಉಳಿಯುತ್ತಿದ್ದ ಅಗ್ಗದ ಭಾಗವಾಗಿತ್ತು. ಅದು ದೇಶದ ಹೆಮ್ಮೆಯ ಅಡುಗೆಯಾದ ಮೇಲೆ ಟೀವಿ, ಪುಸ್ತಕ, ಸ್ಪರ್ಧೆಗಳಲ್ಲಿ ಬಿಳಿಯರ ಮುಖಗಳೇ ಮುಂದೆ ಬಂದವು. ಏಡ್ರಿಯನ್ ಮಿಲ್ಲರ್ 2021ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಸ್ಮೋಕ್’ ಈ ಅಳಿಸಿಹೋದ ಕೈಗಳನ್ನು ಮತ್ತೆ ಹುಡುಕಿ ಹೆಸರಿಸಿದ ಪುಸ್ತಕ. ಅಲ್ಲಿನ ವಿಧಾನವನ್ನು ಮಾತ್ರ ಎರವಲು ತಂದು ಅಲ್ಲಿನ ಈ ಪಾಠವನ್ನು ಬಿಟ್ಟು ಬರುವುದು ಸರಿಯಲ್ಲ.

ಹಂದಿಮಾಂಸ ತಿಂದರೆ ಮಿದುಳಿಗೆ ಹುಳು ಸೇರುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿ ಬೇರೂರಿದೆ. ಭಯಕ್ಕೆ ಆಧಾರವಿದೆ, ಆದರೆ ಅದು ಬೊಟ್ಟು ಮಾಡುವ ಜಾಗ ತಪ್ಪು. ಲಾಡಿಹುಳುವಿನ ಚೀಲಗಳಿರುವ ಹಂದಿಮಾಂಸವನ್ನು ಅರೆಬೇಯಿಸಿ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಮಿದುಳಿನಲ್ಲಿ ಗಂಟಾಗಿ ಫಿಟ್ಸ್ ತರುವುದು ಮಾತ್ರ ಹುಳುವಿನ ಮೊಟ್ಟೆ ಹೊಟ್ಟೆ ಸೇರಿದಾಗ. ಆ ಮೊಟ್ಟೆ ಇರುವುದು ಹುಳುವಿರುವ ಮನುಷ್ಯನ ಮಲದಲ್ಲಿ. ತೊಳೆಯದ ಕೈ, ಕೊಳಚೆ ನೀರು ಬಿದ್ದ ಹಸಿ ತರಕಾರಿ ಇವುಗಳ ಮೂಲಕ ಅದು ಯಾರಿಗಾದರೂ ಬರಬಹುದು, ಹುಟ್ಟಿನಿಂದ ಮಾಂಸ ಮುಟ್ಟದವರಿಗೂ ಬರುತ್ತದೆ. ಬಯಲಿನಲ್ಲಿ ಶೌಚ, ಬಯಲಿನಲ್ಲಿ ಮೇಯುವ ಹಂದಿ, ಈ ಎರಡೂ ಸೇರಿದಾಗ ಹುಳುವಿನ ಸುತ್ತು ಪೂರ್ಣವಾಗುತ್ತದೆ. ದೊಡ್ಡಿಯಲ್ಲಿ ಕಟ್ಟಿ, ತೌಡು, ನುಚ್ಚು, ಹೋಟೆಲಿನ ಮಿಕ್ಕ ಅನ್ನವನ್ನು ಕುದಿಸಿ ಹಾಕಿ ಬೆಳೆಸಿದ ಹಂದಿಯಲ್ಲಿ ಆ ಸುತ್ತು ಮುರಿಯುತ್ತದೆ. ಅಡುಗೆಯ ಕಡೆಯಿಂದ ನೋಡಿದರೆ, ಇಡೀ ತುಂಡಿನ ಹಂದಿಮಾಂಸಕ್ಕೆ 63 ಡಿಗ್ರಿ ಒಳಶಾಖ ಸಾಕೆಂದು ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ನಿಗದಿ ಮಾಡಿತು. ಪಕ್ಕೆಲುಬು ಮೆತ್ತಗಾಗಲು 90 ದಾಟಲೇಬೇಕಾದ್ದರಿಂದ ಬೆಂದ ಹಲಗೆಯಲ್ಲಿ ಹುಳು ಉಳಿಯುವ ಪ್ರಶ್ನೆ ಬರುವುದಿಲ್ಲ. ಕಡಿದ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡರೆ ಮಾತ್ರ ಕೊಳ್ಳಲೇಬಾರದು, ಬೇಯಿಸಿದರೆ ಸರಿಹೋಗುತ್ತದೆ ಎಂಬ ಸಮಾಧಾನವನ್ನೂ ಹೇಳಿಕೊಳ್ಳಬಾರದು.

ಕಟ್ಟಿಗೆಯ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಅನುಕೂಲವಿದೆ, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಹಿಕರಿ, ಸೇಬು, ಮೆಸ್ಕೀಟ್ ಎಂಬ ಹೆಸರಿನ ಮರದ ಚಕ್ಕೆಗಳನ್ನು ಸಣ್ಣ ಪೊಟ್ಟಣದಲ್ಲಿ ಪರದೇಶದಿಂದ ತರಿಸಿ ಮಾರುತ್ತಾರೆ. ಇವುಗಳಲ್ಲಿ ಮೆಸ್ಕೀಟ್ ಎಂದರೆ ಟೆಕ್ಸಾಸಿನ ಬಯಲಿನಲ್ಲಿ ಬೆಳೆಯುವ ಮುಳ್ಳುಮರ. ನಮ್ಮ ಹೊಲದ ಬದು, ಹಳ್ಳದ ದಂಡೆ, ಕೆರೆಯಂಗಳಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ ಅದೇ ಕುಲದ ಮರ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಖಂಡದಿಂದಲೇ ನಮ್ಮ ದೇಶಕ್ಕೆ ಬಂದದ್ದು. ರೈತರಿಗೆ ಅದು ಶನಿ. ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ, ಬೇರೆ ಗಿಡವನ್ನು ಬೆಳೆಯಗೊಡುವುದಿಲ್ಲ. ಆದರೆ ಅದರ ಕಟ್ಟಿಗೆ ಭಾರ, ಉರಿ ನಿಧಾನ, ಕೆಂಡ ಬಹಳ ಹೊತ್ತು ಬಾಳುತ್ತದೆ. ಇದ್ದಿಲು ಸುಡುವವರು ಅದನ್ನು ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ. ಕಡಿದಷ್ಟೂ ಊರಿಗೆ ಉಪಕಾರವಾಗುವ ಮರವನ್ನು ಹಿತ್ತಿಲಲ್ಲಿ ಬಿಟ್ಟು ಅದರ ದಾಯಾದಿಯ ಚಕ್ಕೆಗೆ ಕಿಲೋಗೆ ನೂರಾರು ರೂಪಾಯಿ ಕೊಡುವುದು ವಿವೇಕವಲ್ಲ. ಬಹುಕಾಲ ಇವೆರಡರ ಜೊತೆ ಒಂದೇ ಕುಲದಲ್ಲಿ ಎಣಿಕೆಯಾಗುತ್ತಿದ್ದ ಬನ್ನಿ ಪೂಜೆಯ ಮರ, ಅದರ ತಂಟೆಗೆ ಹೋಗುವುದು ಬೇಡ.

ಜಾಲಿಯ ಹೊಗೆ ಖಾರ, ಅದನ್ನೇ ಆರಂಭದಿಂದ ಕೊನೆಯವರೆಗೆ ಹಿಡಿಸಿದರೆ ಮಾಂಸ ಕಹಿಯಾಗುತ್ತದೆ ಎಂಬ ಮಾತು ನಿಜ. ಹಾಗಾಗಿ ಬಳ್ಳಾರಿ ಜಾಲಿಯನ್ನು ಹೊಗೆಗೆ ಬಳಸದೆ ಕೆಂಡಕ್ಕೆ ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಬೇರೊಂದು ಕಡೆ ಉರಿಸಿ, ಜ್ವಾಲೆ ಅಡಗಿ ಬೂದಿಯ ಪದರು ಹಿಡಿದ ಕೆಂಡವನ್ನಷ್ಟೇ ಒಲೆಗೆ ಸೇರಿಸುವುದು. ಹೊಗೆಗೆ ಮಾವು, ಪೇರಲ, ಚಿಕ್ಕುವಿನ ಒಣ ತುಂಡು ಸಾಕು, ಮುಂಗೈ ಗಾತ್ರದ ಎರಡೋ ಮೂರೋ. ಬೇವು ಬೇಡ, ಕಹಿ. ನೀಲಗಿರಿ ಬೇಡ, ಅದರ ಎಣ್ಣೆಯ ವಾಸನೆ ಔಷಧದ ಅಂಗಡಿಯನ್ನು ನೆನಪಿಸುತ್ತದೆ. ಬೈಲಹೊಂಗಲದ ಕಡೆ ರಾಶಿರಾಶಿ ಸಿಗುವ ಹತ್ತಿಕಟ್ಟಿಗೆಯಂತೂ ಬೇಡವೇ ಬೇಡ. ಅದು ಭಗ್ಗನೆ ಉರಿದು ಕೆಂಡ ಬಿಡದೆ ಬೂದಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಂಗಾಮಿನುದ್ದಕ್ಕೂ ಮತ್ತೆ ಮತ್ತೆ ‘ಎಣ್ಣಿ’, ಅಂದರೆ ಕೀಟನಾಶಕ, ಹೊಡೆಸಿಕೊಂಡ ಗಿಡದ ಹೊಗೆಯನ್ನು ತಿನ್ನುವ ಪದಾರ್ಥಕ್ಕೆ ಹಿಡಿಸಬಾರದು.

ಒಳ್ಳೆಯ ಹೊಗೆ ಯಾವುದು ಎಂಬ ಪ್ರಶ್ನೆಯಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ಬುಸುಬುಸು ಎಂದು ಬೆಳ್ಳಗೆ ಏಳುವ ದಟ್ಟ ಹೊಗೆಯನ್ನು ಕಂಡು ಕೆಲಸ ಚೆನ್ನಾಗಿ ನಡೆದಿದೆ ಎಂದುಕೊಳ್ಳುತ್ತಾರೆ. ಕಟ್ಟಿಗೆ ಸರಿಯಾಗಿ ಉರಿಯದೆ ಒದ್ದಾಡುತ್ತಿರುವ ಗುರುತು ಅದು. ಕಟ್ಟಿಗೆಯಲ್ಲಿರುವ ಲಿಗ್ನಿನ್ ಎಂಬ ಅಂಶ ಶಾಖಕ್ಕೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಸಂಯುಕ್ತಗಳು ಹೊರಬರುತ್ತವೆ. ಹೊಗೆಮಾಂಸದ ರುಚಿಗೂ ಘಮಕ್ಕೂ ಮುಖ್ಯ ಕಾರಣ ಅವೇ. ಗಾಳಿ ಸಾಲದೆ, ಕಟ್ಟಿಗೆ ಹಸಿಯಾಗಿ ಉರಿ ತಣ್ಣಗಾದರೆ ಅವುಗಳ ಜೊತೆ ಟಾರಿನಂಥ ಕಹಿ ಜಿಡ್ಡೂ ಮಾಂಸದ ಮೇಲೆ ಕೂರುತ್ತದೆ. ಕಣ್ಣಿಗೆ ಕಂಡೂ ಕಾಣದಂತೆ, ತೆಳು ನೀಲಿಯಾಗಿ ಏಳುವ ಹೊಗೆಯೇ ಬೇಕಾದದ್ದು. ಚಕ್ಕೆಗಳನ್ನು ನೀರಿನಲ್ಲಿ ನೆನೆಸಿ ಹಾಕಿ ಎಂಬ ಸಲಹೆ ಈ ಕಾರಣಕ್ಕೇ ಅನರ್ಥ. ನೀರು ಮರದ ಮೇಲ್ಪದರಕ್ಕಷ್ಟೇ ಇಳಿಯುತ್ತದೆ, ಅದು ಆವಿಯಾಗಿ ಹೋಗುವ ತನಕ ಉರಿ ಕುಂಟುತ್ತದೆ. ಒಲೆ ಹಚ್ಚಿ ಬದುಕಿದ ಯಾವ ಹೆಣ್ಣುಮಗಳಿಗೂ ಇದನ್ನು ಪುಸ್ತಕ ಹೇಳಿಕೊಡಬೇಕಾಗಿಲ್ಲ. ‘ಕಟಗಿ ಹಸಿ ಐತಿ, ಬರೇ ಹೊಗಿ ಆಕ್ಕೈತಿ’ ಎಂದು ಹಸಿ ತುಂಡನ್ನು ಒಲೆಯಿಂದ ಹಿಂದಕ್ಕೆಳೆದು, ಎರಡು ತುಂಡು ಬಡಿದು ಟಣ್ಣೆಂದರೆ ಮಾತ್ರ ಒಳಗೆ ತಳ್ಳುವ ಆ ಕೈಗೆ ಗೊತ್ತಿರುವುದೇ ಈ ವಿದ್ಯೆಯ ಅರ್ಧ ಭಾಗ. ಯಾವ ತುಂಡನ್ನು ಎಷ್ಟು ಒಳಗೆ ಸರಿಸಬೇಕು, ಯಾವಾಗ ಬೂದಿ ಕೆದಕಿ ಗಾಳಿ ಬಿಡಬೇಕು, ಯಾವಾಗ ಊದುಗೊಳವೆ ಬೇಕು ಎಂಬುದು ಗಂಟೆಗೊಮ್ಮೆ ನೋಡಿ ಬರೆದಿಡುವ ಸಂಗತಿಯಲ್ಲ. ಹೊಗೆಯಾಡಿಸುವ ಯಂತ್ರ ಕೊಂಡವರು ಹಣ ಕೊಟ್ಟು ಪಡೆಯಲು ಹೊರಟದ್ದು ಮನೆಯ ಹಿರಿಯರ ಕೈಯಲ್ಲಿ ಈಗಾಗಲೇ ಇದೆ.

ಹಾಗಾದರೆ ಸಲಕರಣೆ ಬೇಡವೇ? ಮುಚ್ಚಳವಿರುವ ಯಾವುದಾದರೂ ಗೂಡು ಬೇಕು, ಒಳಗಿನ ಶಾಖ 110ರ ಆಸುಪಾಸು ನಿಂತಿದೆಯೇ ಎಂದು ನೋಡಲು ಒಂದು ಶಾಖಮಾಪಕ ಬೇಕು. ಇಟ್ಟಿಗೆಯ ಗೂಡಾದರೂ ಸರಿ, 200 ಲೀಟರಿನ ಕಬ್ಬಿಣದ ಡ್ರಮ್ಮಾದರೂ ಸರಿ. ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ತಿಳಿಯದೆ ಬಳಸುವಂತಿಲ್ಲ, ಕೀಟನಾಶಕವೋ ರಾಸಾಯನಿಕವೋ ತುಂಬಿದ್ದ ಡ್ರಮ್ಮನ್ನು ಎಷ್ಟು ಸುಟ್ಟು ತೊಳೆದರೂ ಅಡುಗೆಗೆ ತರಬಾರದು. ಸತುವಿನ ಲೇಪವಿರುವ ಬೇಲಿಯ ಜಾಳಿಗೆಯನ್ನು ಮಾಂಸ ಇಡಲು ಬಳಸುವುದೂ ತಪ್ಪು, ಹೆಚ್ಚು ಶಾಖಕ್ಕೆ ಆ ಲೇಪ ವಿಷದ ಆವಿಯಾಗುತ್ತದೆ. ಕೆಂಡ ಒಂದು ಮಗ್ಗುಲಿಗೆ, ಮಾಂಸ ಇನ್ನೊಂದು ಮಗ್ಗುಲಿಗೆ, ಮಾಂಸದ ಕೆಳಗೆ ನೀರಿನ ಅಗಲ ತಾಟು, ಮೇಲೆ ಹೊಗೆ ಹೊರಹೋಗುವ ಕಿಂಡಿ ಸದಾ ತೆರೆದೇ ಇರಬೇಕು. ಶಾಖವನ್ನು ಕೆಳಗಿನ ಗಾಳಿಬಾಯಿಯಿಂದ ಹಿಡಿತಕ್ಕೆ ತರಬೇಕೇ ಹೊರತು ಮೇಲಿನ ಕಿಂಡಿ ಮುಚ್ಚಿ ಅಲ್ಲ.

ಈ ಜೋಡಣೆಗೆ ಆರೋಗ್ಯದ ಕಾರಣವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಅಕ್ಟೋಬರ್‌ನಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು, ಹೊಗೆಯಾಡಿಸುವುದೂ ಅದರ ಪ್ರಕಾರ ಒಂದು ಸಂಸ್ಕರಣೆ. ಈ ಆಕ್ಷೇಪವನ್ನು ತಳ್ಳಿಹಾಕಲು ಬರುವುದಿಲ್ಲ. ಆ ವರ್ಗೀಕರಣ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಪಾಯ ಬೆಳೆಯುವುದು ದಿನವೂ ತಿನ್ನುವ ಪ್ರಮಾಣದ ಜೊತೆಗೆ. ಹಬ್ಬಕ್ಕೋ ನೆಂಟರು ಬಂದಾಗಲೋ ವರ್ಷಕ್ಕೆ ಕೆಲವೇ ಸಲ ಮಾಡುವ ಅಡುಗೆ ಇದಾಗಿರಬೇಕು, ವಾರದ ಊಟವಾಗಬಾರದು ಎಂಬುದು ನನ್ನ ಖಚಿತ ನಿಲುವು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದ ಹೊಗೆಯಲ್ಲಿ ಹಾನಿಕಾರಕ ಅಂಶ ಹೆಚ್ಚು. ಕೆಂಡವನ್ನು ಮಗ್ಗುಲಿಗಿಟ್ಟು ಕೆಳಗೆ ನೀರಿನ ತಾಟು ಇಟ್ಟರೆ, ಕಟ್ಟಿಗೆ ಸ್ವಚ್ಛವಾಗಿ ಉರಿದರೆ, ಅದು ತಗ್ಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ರುಚಿಗೆ ಒಳ್ಳೆಯದಾದ ತೆಳು ಹೊಗೆಯೇ ಮೈಗೂ ಕಡಿಮೆ ಕೆಟ್ಟದ್ದು ಎಂಬುದು ಈ ವಾದಕ್ಕೆ ಬಲ ಕೊಡುವ ಸಂಗತಿ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಒಲೆಯ ಹೊಗೆಯಲ್ಲಿ ಕಣ್ಣು, ಎದೆ ಸುಟ್ಟುಕೊಂಡ ಹೆಂಗಸರ ತಲೆಮಾರುಗಳು ನಮ್ಮ ಕಣ್ಣೆದುರೇ ಇವೆ. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಂಥ ಪ್ರಯತ್ನಗಳು ಅಡುಗೆಮನೆಯಿಂದ ಹೊಗೆಯನ್ನು ಓಡಿಸಲೆಂದೇ ಬಂದವು. ಅಷ್ಟು ಕಷ್ಟಪಟ್ಟು ಹೊರಹಾಕಿದ ಹೊಗೆಯನ್ನು ಹವ್ಯಾಸಕ್ಕೆಂದು ಮತ್ತೆ ಮನೆಗೆ ಕರೆಯಬೇಕೇ? ಅಡುಗೆಮನೆಗೆ ಕರೆಯಲೇಬಾರದು ಎಂದೇ ನಾನೂ ಹೇಳುತ್ತೇನೆ. ಕೆಲಸ ನಡೆಯಬೇಕಾದದ್ದು ಬಯಲಿನಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ, ನೆರೆಯವರ ಕಿಟಕಿಯಿಂದ ದೂರ. ನೆರೆಮನೆಯವರು ಮಾಂಸ ತಿನ್ನದವರಾದರೆ ಆ ದೂರ ಇನ್ನೂ ಹೆಚ್ಚಿರಬೇಕು, ಅವರ ಹಬ್ಬ ಹರಿದಿನ ಬಿಟ್ಟು ದಿನ ಗೊತ್ತುಮಾಡಬೇಕು. ಬೆಂಕಿಯ ಮುಂದೆ ನಾಲ್ಕು ತಾಸು ಕೂರುವ ಸರದಿ ಈ ಅಡುಗೆ ಬೇಕೆಂದ ಗಂಡಸರದ್ದಾಗಬೇಕು. ಹಿರಿಯ ಹೆಂಗಸರ ತಿಳಿವಳಿಕೆಯನ್ನು ಕೇಳಿ ಪಡೆಯುವುದು ಬೇರೆ, ಅವರನ್ನೇ ಮತ್ತೆ ಹೊಗೆಯ ಮುಂದೆ ಕೂರಿಸುವುದು ಬೇರೆ.

ಕುಕ್ಕರಿನಲ್ಲಿ ಬೇಯಿಸಿ, ಕೊನೆಗೆ ಕೆಂಡದ ಮೇಲೆ ತುಪ್ಪ ಬಿಟ್ಟು ಮುಚ್ಚಿ ಹೊಗೆಯ ವಾಸನೆ ಹಿಡಿಸಿದರೆ ಅರ್ಧ ತಾಸಿನಲ್ಲಿ ಮುಗಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ಅಡುಗೆಯೂ ರುಚಿಯೇ, ಆದರೆ ಅದು ಬೇರೆಯದೇ ಅಡುಗೆ. ಆವಿಯಲ್ಲಿ ಬೆಂದ ಮಾಂಸದ ಮೇಲ್ಮೈ ಒದ್ದೆ. ಒಣ ಶಾಖದಲ್ಲಿ ಉಪ್ಪು, ಖಾರ, ಮಾಂಸದ ರಸ, ಹೊಗೆ ಇವೆಲ್ಲ ಸೇರಿ ತಾಸುಗಟ್ಟಲೆ ಕಪ್ಪುಗೆಂಪಾಗಿ ಕಟ್ಟುವ ಹೊಪ್ಪಳಿಕೆ ಅದರಲ್ಲಿ ಹುಟ್ಟುವುದಿಲ್ಲ. ಪಕ್ಕೆಲುಬನ್ನು ಹೊಗೆಯಾಡಿಸುವುದರ ಸಾರ್ಥಕತೆ ಇರುವುದು ಆ ಹೊಪ್ಪಳಿಕೆಯಲ್ಲಿ. ಒಳಗೆ ಕಾಣುವ ನಸುಗೆಂಪು ಬಳೆಯನ್ನು ತೋರಿಸಿ ಹೆಮ್ಮೆಪಡುವವರಿದ್ದಾರೆ. ಹೊಗೆಯಲ್ಲಿನ ಅನಿಲಗಳು ಮಾಂಸದ ಕೆಂಪು ಬಣ್ಣದೊಂದಿಗೆ ಸೇರಿ ಆಗುವ ಆ ಬಳೆಗೆ ರುಚಿಯೇ ಇಲ್ಲ.

ಆ ಹೊಪ್ಪಳಿಕೆಯ ಮೇಲೆ ಸಿಹಿ ಸಾಸ್ ಬಳಿಯುವುದು ನನ್ನ ದೃಷ್ಟಿಯಲ್ಲಿ ಈ ಎರವಲು ವಿಧಾನದ ದೊಡ್ಡ ದೋಷ. ಟೊಮ್ಯಾಟೊ ಮತ್ತು ಕಾಕಂಬಿಯ ದಪ್ಪ ಸಾಸ್ ಕಾನ್ಸಾಸ್ ಸಿಟಿಯ ರೂಢಿ, ಅಮೆರಿಕದಲ್ಲೇ ಮೆಂಫಿಸಿನವರು ಒಣ ಮಸಾಲೆಯ ಪಕ್ಕೆಲುಬಿಗೆ ಹೆಸರಾದವರು. ಬೆಲ್ಲದ ನಾಡಾದ ಬೆಳಗಾವಿಯಲ್ಲಿ ಚೂರು ಬೆಲ್ಲ ಮಸಾಲೆಗೆ ಸೇರುವುದು ಸಹಜ, ಆದರೆ ಚೂರಷ್ಟೇ. ಹೆಚ್ಚಾದರೆ ಸುಟ್ಟು ಕಹಿಯಾಗುತ್ತದೆ. ಮಾಂಸದ ತೂಕದ ನೂರಕ್ಕೆ ಒಂದೂವರೆ ಪಾಲು ಉಪ್ಪನ್ನು ಹಿಂದಿನ ರಾತ್ರಿಯೇ ಹಚ್ಚಿಡಬೇಕು. ಬಣ್ಣಕ್ಕೆ, ಘಮಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಪುಡಿಗಿಂತ ಮಿಗಿಲಾದದ್ದನ್ನು ಹೊರಗಿನ ಯಾವ ಡಬ್ಬಿಯೂ ಕೊಡುವುದಿಲ್ಲ, ಅದರ ಖಾರ ಮಿತ, ಕೆಂಪು ಆಳ. ಹುಳಿಗೆ ಕೊಡಗಿನ ಕಾಚಂಪುಳಿ ಸಿಕ್ಕರೆ ಒಂದೆರಡು ಚಮಚ ನೀರಿನಲ್ಲಿ ಕದಡಿ ನಡುನಡುವೆ ಸವರಬಹುದು, ಇಲ್ಲವಾದರೆ ಖಾನಾಪುರದ ಘಟ್ಟದ ಕಡೆಯ ಕೋಕಂ ಇದೆ. ಬಡಿಸುವಾಗ ಪಕ್ಕದಲ್ಲಿ ಕೆಂಪು ಮೆಣಸಿನಕಾಯಿಯ ರಂಜಕ, ಹಸಿ ಉಳ್ಳಾಗಡ್ಡಿ, ಬಿಸಿ ಜೋಳದ ರೊಟ್ಟಿ. ರಂಜಕದ ಉಪ್ಪುಹುಳಿಖಾರ ಕೊಬ್ಬನ್ನು ಕಡಿಯುವಷ್ಟು ಚೊಕ್ಕವಾಗಿ ಯಾವ ಸಿಹಿ ಸಾಸೂ ಕಡಿಯಲಾರದು. ಇನ್ನು ಬೆಂದಿದೆಯೇ ಎಂಬ ಪರೀಕ್ಷೆ. ಮುಟ್ಟಿದರೆ ಎಲುಬಿನಿಂದ ಕಳಚಿ ಬೀಳಬೇಕೆಂಬುದು ಜನರ ಸಾಮಾನ್ಯ ನಿರೀಕ್ಷೆ. ಅಮೆರಿಕದ ಸ್ಪರ್ಧೆಗಳ ತೀರ್ಪುಗಾರರು ಅದನ್ನು ಅತಿಬೆಂದದ್ದೆಂದೇ ಎಣಿಸುತ್ತಾರೆ. ಕಚ್ಚಿದಷ್ಟು ಮಾತ್ರ ಬಿಟ್ಟುಬಂದು ಎಲುಬಿನ ಮೇಲೆ ಹಲ್ಲಿನ ಅಚ್ಚು ಉಳಿಯಬೇಕು. ನಮ್ಮ ನಾಟಿ ಹಂದಿಯ ಬಿಗಿ ಮಾಂಸಕ್ಕೆ ಆ ಅಳತೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅಗಿಯುವುದಕ್ಕೆ ಏನೂ ಉಳಿಯದ ಮಾಂಸ ರೊಟ್ಟಿಯ ಜೊತೆಗೆ ನಿಲ್ಲುವುದಿಲ್ಲ.

ಕಟ್ಟಿಗೆಗೆ ಖರ್ಚಿಲ್ಲ, ಗೂಡಿಗೆ ಹೆಚ್ಚು ಖರ್ಚಿಲ್ಲ, ಮೆಣಸಿನಪುಡಿ ಮನೆಯಲ್ಲೇ ಇದೆ. ಉಳಿಯುವ ಹಣವನ್ನು ಹಾಕಬೇಕಾದ ಜಾಗ ಒಂದೇ. ದೊಡ್ಡಿ ಕಟ್ಟಿ, ಮೇವು ಕೊಂಡು, ರೋಗಕ್ಕೆ ಲಸಿಕೆ ಹಾಕಿಸಿ ಹಂದಿ ಬೆಳೆಸುವವರಿಗೆ ಬೀದಿಯಲ್ಲಿ ಮೇಯಿಸುವವರಿಗಿಂತ ಖರ್ಚು ಹೆಚ್ಚು ಬೀಳುತ್ತದೆ. ಕೊಳ್ಳುವವರು ಎರಡಕ್ಕೂ ಒಂದೇ ದರ ಕೊಟ್ಟರೆ ಯಾರೂ ದೊಡ್ಡಿ ಕಟ್ಟುವುದಿಲ್ಲ. ಪಕ್ಕೆಲುಬನ್ನು ಕಡಿಯದೆ ಬಿಡಿಸಿ ಕೊಡುವುದರಿಂದ ಉಳಿದ ಮಾಂಸದ ತೂಕದ ಲೆಕ್ಕ ಏರುಪೇರಾಗುತ್ತದೆ, ಎಲುಬಿಲ್ಲದ ಗುಡ್ಡೆಯನ್ನು ಬೇರೆ ದರದಲ್ಲಿ ಮಾರಬೇಕಾಗುತ್ತದೆ. ಆ ತೊಂದರೆಗೂ ಬೆಲೆ ಸೇರಿಸಿಯೇ ಕೇಳುತ್ತಾರೆ, ಕೇಳಬೇಕು. ಪರದೇಶದ ಚಕ್ಕೆಯ ಪೊಟ್ಟಣಕ್ಕೆ ಚೌಕಾಸಿ ಮಾಡದೆ ತೆತ್ತವರು ಇಲ್ಲಿ ಕಿಲೋಗೆ ನೂರು ರೂಪಾಯಿ ಹೆಚ್ಚಾಯಿತೆಂದು ತಕರಾರು ತೆಗೆಯಬಾರದು, ಮುಂದಿನ ಹಂದಿ ಯಾವಾಗ ಕಡಿಯುತ್ತಾರೆಂದು ಕೇಳಿಕೊಂಡು ಮುಂಗಡ ಕೊಟ್ಟು ಬರಬೇಕು.